ಕಲಿಸಲು ಬಂದವರು ಕಲಿತದ್ದು: ಬಾಸೆಲ್ ಮಿಶನರಿಗಳ ದೀರ್ಘವಾಸ

1834ರ ಅಕ್ಟೋಬರ್‌ನಲ್ಲಿ ಮೂವರು ಜರ್ಮನ್ ಭಾಷಿಕ ಪಾದ್ರಿಗಳು ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದು, ತಿಂಗಳ ಕೊನೆಯ ಹೊತ್ತಿಗೆ ಮಂಗಳೂರು ಸೇರಿದರು. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಈ ಮೂವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪನೆಯಾದ ಮಿಶನ್ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಈ ದೇಶದ ಬಾಗಿಲು ತೆರೆದಿತ್ತು. ಆ ಅವಕಾಶವನ್ನು ಬಾಸೆಲ್‌ನವರು ಮರುವರ್ಷವೇ ಬಳಸಿಕೊಂಡರು. ಮುಂದಿನ ಎಂಬತ್ತು ವರ್ಷಗಳಲ್ಲಿ ಅವರು ಕರಾವಳಿ, ಧಾರವಾಡ ಸೀಮೆ, ಕೊಡಗು ಮತ್ತು ಮಲಬಾರಿನಲ್ಲಿ ಮಾಡಿದ ಕೆಲಸವನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ನೆನೆಯುತ್ತೇವೆ. ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ದೊಡ್ಡ ನಿಘಂಟನ್ನೂ ಕೊಟ್ಟ ಮಹನೀಯರೆಂದು ಕೆಲವರು ಕೈಮುಗಿಯುತ್ತಾರೆ. ಮತಾಂತರಕ್ಕಾಗಿ ಬಂದವರ ಭಾಷಾಸೇವೆ ಬರಿಯ ಸಾಧನವಾಗಿತ್ತೆಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಎರಡೂ ಕಡೆಯವರು ಆ ಜನರ ಉದ್ದೇಶವನ್ನು ಅಳೆಯುತ್ತಾರೆಯೇ ಹೊರತು ಅವರ ವಾಸವನ್ನು ಅಳೆಯುವುದಿಲ್ಲ. ಈ ಮಿಶನರಿಗಳು ಕಲಿಸಲೆಂದು ಬಂದರು. ಅವರಿಂದ ಉಳಿದು ಬಾಳಿದ್ದು ಅವರು ಇಲ್ಲಿ ಕಲಿತದ್ದು. ಆ ಕಲಿಕೆಯನ್ನು ಸಾಧ್ಯಗೊಳಿಸಿದ್ದು ಅವರ ದೀರ್ಘವಾಸ ಮತ್ತು ಆ ವಾಸದಲ್ಲಿ ಅವರು ಊರಿನವರನ್ನು ಅವಲಂಬಿಸಬೇಕಾಗಿ ಬಂದ ಸ್ಥಿತಿ. ಇದು ಈ ಬರಹದ ವಾದ.

ಹಾಗೆ ಬಂದವರು ಎಂಥವರು ಎಂಬುದನ್ನು ಮೊದಲು ನೋಡಬೇಕು. ಬಾಸೆಲ್ ಮಿಶನ್ ಸ್ವಿಸ್ ನೆಲದಲ್ಲಿದ್ದರೂ ಅದಕ್ಕೆ ಜನಬಲ ಬಂದದ್ದು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಿಂದ. ಹಳ್ಳಿಯ ರೈತರು, ನೇಯ್ಗೆಯವರು, ಬಡಗಿಗಳು ಮುಂತಾದ ಕಸುಬುದಾರರ ಮಕ್ಕಳು ಮಿಶನ್ನಿನ ಶಾಲೆಯಲ್ಲಿ ಹಲವು ವರ್ಷ ಓದಿ ಹೊರಡುತ್ತಿದ್ದರು. ವಿಶ್ವವಿದ್ಯಾಲಯ ಕಂಡವರು ಅವರಲ್ಲಿ ವಿರಳ. ಹೊರಟ ಮೇಲೆ ಅವರ ಬದುಕು ಬಾಸೆಲ್‌ನ ಸಮಿತಿಯ ಅಧೀನ. ಯಾವ ಊರಿನಲ್ಲಿ ಇರಬೇಕು, ಯಾವಾಗ ಮದುವೆಯಾಗಬೇಕು, ಎಂದು ಹಿಂತಿರುಗಬೇಕು ಎಂಬುದಕ್ಕೆಲ್ಲ ಸಮಿತಿಯ ಒಪ್ಪಿಗೆ ಬೇಕು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ತನಕ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಸಾಗಿ ಬರಬೇಕಾಗಿತ್ತು. ಹೋಗಿ ನೋಡಿ ಬರುವ ಪ್ರವಾಸಕ್ಕೆ ಆ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲ. ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯ. ಅವರು ಆಳುವ ಜನಾಂಗದವರಲ್ಲ. ಇಂಗ್ಲಿಷ್ ಅವರಿಗೂ ಕಲಿತ ಭಾಷೆಯೇ. ಕಲೆಕ್ಟರನ ಕಚೇರಿಯಲ್ಲಿ ಇಂಗ್ಲಿಷ್ ಅಧಿಕಾರಿಗೆ ಸಿಗುತ್ತಿದ್ದ ಹುಕುಂ ಚಲಾಯಿಸುವ ಬಲ ಅವರಿಗಿರಲಿಲ್ಲ. ಸಂತೆಯಲ್ಲಿ ನಿಂತು ಉಪದೇಶ ಮಾಡಬೇಕೆಂದರೆ ಸಂತೆಯ ಮಾತು ಬರಬೇಕು. ಆ ಮಾತು ಕಲಿಯಬೇಕೆಂದರೆ ಯಾರಾದರೊಬ್ಬ ಊರಿನವನ ಎದುರು ಶಿಷ್ಯನಾಗಿ ಕೂರಬೇಕು.

ಹೆರ್ಮನ್ ಮೋಗ್ಲಿಂಗ್ ಈ ಗುಂಪಿನಲ್ಲಿ ಅಪವಾದ. 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ ಈತ 1836ರಲ್ಲಿ ಭಾರತಕ್ಕೆ ಬಂದು 1860ರ ತನಕ ಇಲ್ಲಿದ್ದ. ಅವನ ಹೆಸರನ್ನು ಕರ್ನಾಟಕ ನೆನೆಯುವುದು 1843ರ ಜುಲೈ 1ರಂದು ಆರಂಭವಾದ ‘ಮಂಗಳೂರು ಸಮಾಚಾರ’ದಿಂದ. ಇದು ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ರಾಜ್ಯದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಆಗ ಇದ್ದದ್ದು ಕಲ್ಲಚ್ಚು. ಪಾಕ್ಷಿಕವಾಗಿ ಹೊರಟ ಈ ಪತ್ರಿಕೆ ಮರುವರ್ಷ ಬಳ್ಳಾರಿಯಲ್ಲಿ ಅಚ್ಚಿನ ಮೊಳೆಗಳಲ್ಲಿ ಮುದ್ರಣಗೊಂಡು ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆಯಿತು. ಇಲ್ಲಿ ಗಮನಿಸಬೇಕಾದದ್ದು ವರ್ಷಗಳ ಲೆಕ್ಕ. ಬಂದ ಮೊದಲ ವರ್ಷದಲ್ಲಿ ಮೋಗ್ಲಿಂಗ್ ಪತ್ರಿಕೆ ಮಾಡಲಿಲ್ಲ. ಮಾಡಲು ಅವನಿಂದ ಆಗುತ್ತಲೂ ಇರಲಿಲ್ಲ. ಏಳು ವರ್ಷ ಊರಿನಲ್ಲಿದ್ದು, ಶಾಲೆ ನಡೆಸಿ, ಜನರಿಗೆ ಯಾವ ಸುದ್ದಿ ಬೇಕು, ಯಾವ ಗಾಳಿಸುದ್ದಿಯಿಂದ ಅವರು ಕಂಗೆಡುತ್ತಾರೆ ಎಂಬುದನ್ನು ಕಂಡ ಮೇಲೆ ಆ ಹಾಳೆ ಹೊರಬಂದಿತು. ಊರ ವರ್ತಮಾನ, ಸರಕಾರದ ಕಾನೂನು, ಪರದೇಶದ ಸಂಗತಿ, ಕಥೆ, ನೀತಿಮಾತು ಎಲ್ಲವೂ ಅದರಲ್ಲಿದ್ದವು. ಮತಬೋಧೆಯ ಕರಪತ್ರವನ್ನು ಮಾತ್ರ ಅಚ್ಚುಹಾಕಬೇಕಾಗಿದ್ದರೆ ಇಷ್ಟೆಲ್ಲ ಕೂಡಿಸುವ ಅಗತ್ಯವಿರಲಿಲ್ಲ.

ಮೋಗ್ಲಿಂಗನ ಇನ್ನೂ ದೊಡ್ಡ ಕೆಲಸ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ. 1848ರಿಂದ 1853ರ ನಡುವೆ ಮಂಗಳೂರಿನ ಕಲ್ಲಚ್ಚಿನಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಮುಂತಾದ ಕೃತಿಗಳು ಈ ಮಾಲೆಯಲ್ಲಿ ಬೆಳಕು ಕಂಡವು. ಅದಕ್ಕೆ ಹಣ ಕೊಟ್ಟವನು ಮದರಾಸು ಪ್ರಾಂತ್ಯದ ನಿವೃತ್ತ ನ್ಯಾಯಾಧೀಶ ಕಸಮೇಜರ್. ಜೊತೆಗೆ ದುಡಿದವನು ಗಾಟ್‌ಫ್ರೀಡ್ ವೈಗ್ಲೆ. ವೈಷ್ಣವ ಕಾವ್ಯ, ವೀರಶೈವ ಪುರಾಣ, ಹರಿದಾಸರ ಹಾಡು ಇವೆಲ್ಲ ಕ್ರೈಸ್ತ ಮಿಶನ್ನಿನ ಪ್ರೆಸ್ಸಿನಿಂದ ಹೊರಬಂದದ್ದನ್ನು ಬರಿಯ ಔದಾರ್ಯವೆಂದು ಹೊಗಳಿ ಮುಗಿಸಬಾರದು. ಓಲೆಗರಿಗಳ ರೂಪದಲ್ಲಿ ಮನೆಮನೆಗಳಲ್ಲಿ, ಮಠಗಳಲ್ಲಿ ಇದ್ದ ಈ ಕೃತಿಗಳು ಒಬ್ಬ ಪರದೇಶಿಗೆ ಸಿಗಬೇಕಾದರೆ ಆ ಮನೆಯವರ, ಮಠದವರ ವಿಶ್ವಾಸ ಬೇಕು. ಗರಿಗಳನ್ನು ಓದಿ ಹೇಳುವವರು ಬೇಕು. ಪಾಠ ಎಲ್ಲಿ ತಪ್ಪಿದೆ ಎಂದು ತಿದ್ದುವವರು ಬೇಕು. ಹತ್ತು ಹನ್ನೆರಡು ವರ್ಷ ಇಲ್ಲಿ ನೀರು ಕುಡಿದವನಿಗೆ ಮಾತ್ರ ಆ ಮನೆಗಳ ಜಗಲಿ ಹತ್ತಿ ಕೂರುವ ಸಲಿಗೆ ಸಿಕ್ಕೀತು.

ಕಿಟ್ಟೆಲ್ ಅವರ ವಿಷಯದಲ್ಲಿ ಈ ಮಾತು ಮತ್ತಷ್ಟು ನಿಚ್ಚಳ. ಉತ್ತರ ಜರ್ಮನಿಯ ಪಾದ್ರಿಯೊಬ್ಬನ ಮಗನಾಗಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಧಾರವಾಡ ಸೀಮೆಗೆ ಬಂದರು. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅಂದರೆ ಮೊದಲು ಕಾಲಿಟ್ಟ ನಲವತ್ತೊಂದು ವರ್ಷಕ್ಕೆ. ಎರಡು ವರ್ಷದ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ. ಈ ಕೃತಿಗಳ ಸಾಲನ್ನು ಕ್ರಮವಾಗಿ ನೋಡಿದರೆ ಒಂದು ಚಲನೆ ಕಾಣುತ್ತದೆ. ಮೊದಲಿಗೆ ತಮ್ಮ ಧರ್ಮದ ಕಥೆಯನ್ನು ಹೇಳಲು ಕನ್ನಡವನ್ನು ಬಳಸಿಕೊಂಡವರು, ಆಮೇಲೆ ಕನ್ನಡ ತನ್ನ ಬಗ್ಗೆ ತಾನೇ ಏನು ಹೇಳಿಕೊಂಡಿದೆ ಎಂದು ಹಳಗನ್ನಡದ ಲಾಕ್ಷಣಿಕರನ್ನು ಕೇಳಿದರು. ಕೊನೆಗೆ ಶಾಸನದ ಭಾಷೆಯಿಂದ ಆಡುಗನ್ನಡದ ಗಾದೆಯವರೆಗೆ ಎಲ್ಲವನ್ನೂ ಒಂದೆಡೆ ತಂದರು. ತುಳು, ತಮಿಳು, ತೆಲುಗು, ಮಲಯಾಳದ ಸಮಾನ ರೂಪಗಳನ್ನು ಪಕ್ಕದಲ್ಲಿಟ್ಟರು. ಇಂಥ ಕೆಲಸ ಐದು ವರ್ಷದ ಗಡುವಿನಲ್ಲಿ ಆಗುವಂಥದ್ದಲ್ಲ.

ಇದು ಒಬ್ಬಿಬ್ಬರ ಪ್ರತಿಭೆಯ ಮಾತು ಮಾತ್ರವಲ್ಲ ಎಂಬುದಕ್ಕೆ ಪಕ್ಕದ ನೆಲಗಳಲ್ಲೂ ಸಾಕ್ಷಿ ಇದೆ. ತಲಶ್ಶೇರಿಯಲ್ಲಿದ್ದ ಹೆರ್ಮನ್ ಗುಂಡರ್ಟ್ 1847ರಲ್ಲಿ ಮಲಯಾಳದಲ್ಲಿ ‘ರಾಜ್ಯಸಮಾಚಾರಂ’ ಹೊರಡಿಸಿದ. ಅವನ ಮಲಯಾಳ ನಿಘಂಟು 1872ರಲ್ಲಿ ಬಂತು. ತುಳುವಿಗೆ ಬ್ರಿಗೆಲ್‌ನ ವ್ಯಾಕರಣ ಅದೇ ವರ್ಷ, ಮೆನ್ನರ್‌ನ ನಿಘಂಟು 1886ರಲ್ಲಿ ಬಂದವು. ಇದೇ ಮಿಶನ್ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲೂ, ಅಂದರೆ ಇಂದಿನ ಘಾನಾದಲ್ಲೂ, 1828ರಿಂದ ದುಡಿಯುತ್ತಿತ್ತು. ಅಲ್ಲಿಗೆ ಮೊದಲು ಹೋದವರನ್ನು ಜ್ವರ ಒಬ್ಬೊಬ್ಬರನ್ನಾಗಿ ಬಲಿ ತೆಗೆದುಕೊಂಡಿತು. ಆದರೂ 1853ರಲ್ಲಿ, ಕಿಟ್ಟೆಲ್ ನಮ್ಮಲ್ಲಿಗೆ ಬಂದ ವರ್ಷವೇ, ಅಲ್ಲಿಗೆ ಹೋದ ಕ್ರಿಸ್ಟಾಲರ್ ಟ್ವಿ ಭಾಷೆಯ ವ್ಯಾಕರಣವನ್ನು 1875ರಲ್ಲಿ, 3,600 ಗಾದೆಗಳ ಸಂಗ್ರಹವನ್ನು 1879ರಲ್ಲಿ, ನಿಘಂಟನ್ನು 1881ರಲ್ಲಿ ಕೊಟ್ಟ. ಕನ್ನಡ, ಮಲಯಾಳ, ತುಳು, ಟ್ವಿ ಇವು ಸ್ವಭಾವದಲ್ಲೂ ಸಾಹಿತ್ಯ ಪರಂಪರೆಯಲ್ಲೂ ಒಂದಕ್ಕೊಂದು ಬೇರೆ. ಎಲ್ಲೆಡೆ ಒಂದೇ ಬಗೆಯ ಫಲ ಬಂದದ್ದನ್ನು ನೋಡಿದರೆ ಕಾರಣ ಆ ಮಿಶನ್ನಿನ ಕ್ರಮದಲ್ಲೇ ಇತ್ತೆಂದು ಒಪ್ಪಬೇಕಾಗುತ್ತದೆ. ದೀರ್ಘಕಾಲ ಇರು, ಊರ ಮಾತಿನಲ್ಲೇ ಮಾತಾಡು, ಮೇಲಿನ ಅಧಿಕಾರದ ನೆರವಿಲ್ಲದೆ ನೆರೆಯವರ ನಡುವೆ ಬಾಳು ಎಂಬುದು ಆ ಕ್ರಮದ ತಿರುಳು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ದೀರ್ಘವಾಸವೇ ಕಾರಣವಾದರೆ, ಮೂವತ್ತು ವರ್ಷ ಇಲ್ಲಿದ್ದೂ ಅಡಿಗೆಯವನಿಗೆ ಅಪ್ಪಣೆ ಕೊಡುವಷ್ಟು ಮಾತನ್ನೇ ಕಲಿತು ಮರಳಿದ ಇಂಗ್ಲಿಷ್ ಅಧಿಕಾರಿಗಳ ಕಥೆ ಏನು? ಮಿಶನ್ನಿನ ಒಳಗೇ ನೋಡಿದರೂ, ಮಂಗಳೂರಿಗೆ ಮೊದಲು ಬಂದ ಹೆಬಿಕ್ ಇಪ್ಪತ್ತೈದು ವರ್ಷ ಭಾರತದಲ್ಲಿದ್ದ. ಕಣ್ಣೂರಿನ ದಂಡಿನಲ್ಲಿ ಇಂಗ್ಲಿಷ್ ಸೈನಿಕರ ನಡುವೆ ದೊಡ್ಡ ಹೆಸರು ಮಾಡಿದ. ಆದರೆ ಮೋಗ್ಲಿಂಗ್, ಗುಂಡರ್ಟರಿಗೆ ಸಾಟಿಯಾದ ಭಾಷಾಕಾರ್ಯ ಅವನಿಂದ ಬರಲಿಲ್ಲ. ಆಕ್ಷೇಪ ಸರಿಯಾದದ್ದು. ವರ್ಷಗಳು ತಾವಾಗಿಯೇ ಯಾರಿಗೂ ಏನನ್ನೂ ಕಲಿಸುವುದಿಲ್ಲ. ದಂಡಿನ ಬಂಗಲೆಯಲ್ಲಿ ಕಳೆದ ಕಾಲ ಬೇರೆ, ಶಾಲೆಯ ಹುಡುಗರ ಜೊತೆ, ಹಸ್ತಪ್ರತಿ ಓದುವ ಪಂಡಿತನ ಜೊತೆ ಕಳೆದ ಕಾಲ ಬೇರೆ. ಆದರೆ ಈ ಉತ್ತರ ಮೊದಲಿನ ವಾದವನ್ನು ಮುರಿಯುವುದಿಲ್ಲ, ಅದನ್ನು ಬಿಗಿಗೊಳಿಸುತ್ತದೆ. ದೀರ್ಘವಾಸವೊಂದೇ ಸಾಲದು, ಅದಿಲ್ಲದೆ ಮಾತ್ರ ಯಾವುದೂ ಆಗದು. ಬೇರೆಯವರನ್ನು ನೆಚ್ಚಿ ಬಾಳಬೇಕಾದ ಅಗತ್ಯ ಅದಕ್ಕೆ ಕೂಡಿದಾಗ ಮಾತ್ರ ಬಂದವನು ಶಿಷ್ಯನಾಗುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಅವರ ಗುರಿ ಮತಾಂತರವೇ ಆಗಿತ್ತಲ್ಲವೇ? ಹೌದು, ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. ನಮ್ಮ ದೇವರುಗಳ ಬಗ್ಗೆ, ಭೂತಾರಾಧನೆಯ ಬಗ್ಗೆ ಅವರು ಆಡಿದ ಮಾತುಗಳಲ್ಲಿ ನೋವುಂಟುಮಾಡುವಂಥವು ಬಹಳ ಇವೆ. ಅವನ್ನು ಇಂದು ಸಮರ್ಥಿಸಬೇಕಾದ ಅಗತ್ಯ ಯಾರಿಗೂ ಇಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಮತ್ತು ಅವನ ಸಂಗಡಿಗರಿಬ್ಬರು ದೀಕ್ಷಾಸ್ನಾನ ಪಡೆದಾಗ ಊರು ಕಲಕಿಹೋಯಿತು. ಆ ಮನೆಗಳ ಸಂಕಟ ನಿಜವಾದದ್ದು. ಆದರೂ ಉದ್ದೇಶ ಮತ್ತು ಫಲ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಭೂತಾರಾಧನೆಯನ್ನು ವಿರೋಧಿಸಿದ ಅದೇ ಮಿಶನ್ನಿನ ಮೆನ್ನರ್ ಭೂತಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನು ಸಂಗ್ರಹಿಸಿದ. ಅವು ಮಿಶನ್ ಪ್ರೆಸ್ಸಿನಲ್ಲೇ ಅಚ್ಚಾದವು. ಎದುರಾಳಿಯ ನಂಬಿಕೆಯನ್ನು ತಿಳಿಯುವುದು ಅವರ ಲೆಕ್ಕಾಚಾರವಾಗಿದ್ದಿರಬಹುದು. ಅಚ್ಚಾದ ಪಾಡ್ದನ ಮಾತ್ರ ಆ ಲೆಕ್ಕಾಚಾರಕ್ಕೆ ಕಟ್ಟುಬೀಳಲಿಲ್ಲ. ಬಸವ ಪುರಾಣವನ್ನು ಓದಿದ ಭಕ್ತ ಅದನ್ನು ಭಕ್ತಿಯಿಂದಲೇ ಓದಿದ. ಶಬ್ದಮಣಿದರ್ಪಣವನ್ನು ಬಳಸಿದ ವಿದ್ವಾಂಸ ಕನ್ನಡದ ಕೆಲಸಕ್ಕೇ ಬಳಸಿದ. ಒಬ್ಬನ ಕೈಯಿಂದ ಹೊರಬಂದ ಕೃತಿಯ ಮೇಲೆ ಅವನ ಉದ್ದೇಶಕ್ಕೆ ಶಾಶ್ವತವಾದ ಹಕ್ಕಿಲ್ಲ. ಆದ್ದರಿಂದ ಉದ್ದೇಶವನ್ನು ಟೀಕಿಸುತ್ತಲೇ ಫಲವನ್ನು ಗೌರವಿಸುವುದರಲ್ಲಿ ಯಾವ ವಿರೋಧವೂ ಇಲ್ಲ.

ಮೂರನೆಯ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರ ಕೊಡಲಾಗದು. ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಈ ಕೆಲಸವನ್ನೆಲ್ಲ ‘ಮಿಶನರಿಗಳ ಕೊಡುಗೆ’ ಎನ್ನುವುದರಲ್ಲೇ ಒಂದು ಅನ್ಯಾಯವಿದೆ. ನಿಘಂಟಿನ ಮುಖಪುಟದಲ್ಲಿ ಇರುವುದು ಒಂದೇ ಹೆಸರು. ಪದಗಳ ಅರ್ಥ ಬಿಡಿಸಿ ಹೇಳಿದ ಪಂಡಿತರು, ಗಾದೆ ಒದಗಿಸಿದ ರೈತರು ಮತ್ತು ಹೆಂಗಸರು, ಕಲ್ಲಚ್ಚಿಗೆ ದುಂಡಗೆ ಪ್ರತಿ ಬರೆದುಕೊಟ್ಟ ಬರಹಗಾರರು, ಕರಡು ತಿದ್ದಿದವರು ಇವರೆಲ್ಲ ಸಾಮಾನ್ಯ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ. ಆಫ್ರಿಕಾದಲ್ಲೂ ಹೀಗೆಯೇ. ಕ್ರಿಸ್ಟಾಲರ್‌ನ ಟ್ವಿ ಬೈಬಲ್ ಕೆಲಸದಲ್ಲಿ ಡೇವಿಡ್ ಅಸಾಂತೆಯಂಥ ಅಲ್ಲಿನವರ ಪಾಲು ದೊಡ್ಡದು. ಕೀರ್ತಿ ಮಾತ್ರ ಬಂದವನ ಹೆಸರಿಗೆ ಸಂದಿತು. ಕಲಿತದ್ದೇ ಅವರ ದೊಡ್ಡ ಕೆಲಸವೆಂದು ಒಪ್ಪಿದರೆ, ಕಲಿಸಿದವರು ಯಾರು ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಮಿಶನರಿಗಳನ್ನು ದಾನಿಗಳೆಂದು ಬಗೆದಷ್ಟು ಕಾಲ ಕನ್ನಡದವರು ಪಡೆದವರಾಗಿಯೇ ಉಳಿಯುತ್ತಾರೆ. ಅವರನ್ನು ಶಿಷ್ಯರೆಂದು ಕಂಡರೆ ಕೊಟ್ಟವರು ಕನ್ನಡದವರೂ ಆಗುತ್ತಾರೆ. ಸತ್ಯಕ್ಕೆ ಹತ್ತಿರವಾದದ್ದು ಎರಡನೆಯ ನೋಟವೇ.

ಕಸುಬಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ದಕ್ಷಿಣ ಕನ್ನಡದಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ. ಕುಲದವರು ಹೊರಗಿಟ್ಟದ್ದರಿಂದ ಹೊಲಮನೆಯ ಆಸರೆಯೂ ತಪ್ಪಿತು. ಮಾಡಿದ ನಿರ್ಧಾರದ ಭಾರವನ್ನು ಬಡವನೊಬ್ಬನೇ ಹೊರಬೇಕಾಯಿತು. ದೂರದಿಂದ ಬಂದು ಉಪದೇಶಿಸಿ ಹೊರಟುಹೋಗುವವರಾಗಿದ್ದರೆ ಇದು ಅವರಿಗೆ ಕಾಣುತ್ತಲೇ ಇರಲಿಲ್ಲ. ಅಲ್ಲೇ ಬದುಕುತ್ತಿದ್ದವರಿಗೆ ಹಸಿದ ಮನೆಗಳು ದಿನವೂ ಎದುರಿಗಿದ್ದವು. ಹಾಗಾಗಿ ನೇಯ್ಗೆಯ ಕಾರ್ಖಾನೆ ಬಂತು. 1865ರಲ್ಲಿ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿ ದಡದ ಜೇಡಿ, ಸುತ್ತಲ ಕಾಡಿನ ಸೌದೆ, ಕರಾವಳಿಯ ಹಡಗುಸಾಗಣೆ ಮೂರೂ ಕೂಡಿ ಮಂಗಳೂರು ಹೆಂಚು ದೇಶವಿದೇಶಗಳ ಸೂರುಗಳನ್ನು ಏರಿತು. ಮೂರೇ ವರ್ಷದಲ್ಲಿ, 1868ರಲ್ಲಿ, ಊರಿನ ಅಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ತೆರೆಯಿತು. ಕಾರ್ಖಾನೆಯ ಶಿಸ್ತು ಕಟ್ಟುನಿಟ್ಟಾಗಿತ್ತು, ಕೂಲಿಗೂ ಚರ್ಚಿನ ನಡವಳಿಕೆಗೂ ಗಂಟುಬಿದ್ದು ಆಳುಗಳು ಎರಡು ಕಡೆಯಿಂದಲೂ ಮಿಶನ್ನಿನ ಹಿಡಿತದಲ್ಲಿದ್ದರು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ತಾವು ತಂದ ಕಷ್ಟಕ್ಕೆ ತಾವೇ ಉತ್ತರ ಹುಡುಕಬೇಕಾಗಿ ಬಂದದ್ದು ಅಲ್ಲೇ ನೆಲೆಸಿದ್ದರಿಂದ.

ಈ ವಾಸದ ಬೆಲೆಯನ್ನು ತೆತ್ತವರಲ್ಲಿ ಮನೆಯವರೂ ಇದ್ದರು. ವೈಗ್ಲೆ 1855ರಲ್ಲಿ ಇಲ್ಲೇ ತೀರಿಕೊಂಡ. ಅವನ ಹೆಂಡತಿ ಪೌಲಿನ್ ಮುಂದೆ ಮೋಗ್ಲಿಂಗ್‌ನನ್ನು ಮದುವೆಯಾದಳು. ಕಿಟ್ಟೆಲ್ ಅವರ ಮೊದಲ ಹೆಂಡತಿ 1864ರಲ್ಲಿ ತೀರಿಕೊಂಡರು. ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ತಾಯಿತಂದೆಯಿಂದ ಅಗಲಿಸಿ ಓದಿಗೆಂದು ಬಾಸೆಲ್‌ಗೆ ಕಳಿಸುತ್ತಿದ್ದರು. ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿದವರು ಬಹುಮಟ್ಟಿಗೆ ಮಿಶನರಿಗಳ ಹೆಂಡಿರು. ತಲಶ್ಶೇರಿಯಲ್ಲಿ ಜೂಲಿ ಗುಂಡರ್ಟ್ ಹಾಗೆ ದುಡಿದವಳು. ಪಂಡಿತರಂತೆಯೇ ಈ ಹೆಂಗಸರ ಹೆಸರೂ ಚರಿತ್ರೆಯ ಅಂಚಿಗೆ ಸರಿದಿದೆ.

1914ರ ಮಹಾಯುದ್ಧ ಈ ವಾಸವನ್ನು ಕಡಿದುಹಾಕಿತು. ಜರ್ಮನ್ ಪ್ರಜೆಗಳಾದ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ದೇಶದಿಂದ ಹೊರಹಾಕಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬಂದವರನ್ನು ತೆಗೆದುಹಾಕಿದ ಮೇಲೆ ಏನು ಉಳಿಯಿತು ಎಂಬುದೇ ನಿಜವಾದ ಪರೀಕ್ಷೆ. ಅಪ್ಪಣೆಯ ಬಲದಿಂದ ನಿಂತಿದ್ದ ವ್ಯವಸ್ಥೆ ಅವರೊಡನೆ ಹೋಯಿತು. ಊರಿನವರ ಜೊತೆ ಕೂಡಿ ಕಟ್ಟಿದ್ದು ನಿಂತಿತು. ಸಭೆಗಳನ್ನು ಇಲ್ಲಿನ ಪಾದ್ರಿಗಳೇ ನಡೆಸಿದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಕರಾವಳಿಯ ಸಭೆಗಳು ಅದರಲ್ಲಿ ಒಂದಾದವು. ಕಿಟ್ಟೆಲ್ ನಿಘಂಟನ್ನು ಮದರಾಸು ವಿಶ್ವವಿದ್ಯಾಲಯಕ್ಕಾಗಿ ಪರಿಷ್ಕರಿಸಿ ವಿಸ್ತರಿಸಿದವರು ಎಂ. ಮರಿಯಪ್ಪ ಭಟ್ಟರು. ಶಿಷ್ಯನ ಕೃತಿಯನ್ನು ಗುರುಮನೆಯವರೇ ಕೈಗೆತ್ತಿಕೊಂಡು ಬೆಳೆಸಿದರು.

ಇಂದು ಸೇವೆಯ ಹೆಸರಿನಲ್ಲಿ ಯಾವ ಧರ್ಮದವರೇ ಆಗಲಿ, ಯಾವ ಸಂಸ್ಥೆಯವರೇ ಆಗಲಿ, ಕೆಲವು ವಾರ ಪರದೇಶಕ್ಕೆ ಹೋಗಿ ಬರುವುದು ಸುಲಭವಾಗಿದೆ. ವಿಮಾನ, ದೂರವಾಣಿ, ಅನುವಾದಯಂತ್ರ ಇರುವಾಗ ವರ್ಷಗಟ್ಟಲೆ ಏಕೆ ಇರಬೇಕು ಎಂದು ಕೇಳಬಹುದು. ಈ ಚರಿತ್ರೆಯ ಉತ್ತರ ಸ್ಪಷ್ಟವಾಗಿದೆ. ಮಾತನ್ನು ಯಂತ್ರ ದಾಟಿಸಬಹುದು. ತಾನು ಮಾಡಿದ್ದರ ಪರಿಣಾಮವನ್ನು ಕಣ್ಣಾರೆ ಕಂಡು ತಿದ್ದಿಕೊಳ್ಳುವುದಕ್ಕೆ ಅಲ್ಲೇ ಇರಬೇಕು. ಇನ್ನು ನಮಗಿರುವ ಕೆಲಸ ಬೇರೆ. ಮಿಶನರಿಗಳು ಬಾಸೆಲ್‌ಗೆ ಕಳಿಸಿದ ವರದಿಗಳು, ಪತ್ರಗಳು, ಚಿತ್ರಗಳು ಅಲ್ಲಿನ ಸಂಗ್ರಹದಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೂ ಹಳೆಯ ಕಾಗದಪತ್ರಗಳಿವೆ. ಅವುಗಳಲ್ಲಿ ಪಂಡಿತರ, ಮುನ್ಷಿಗಳ, ಬರಹಗಾರರ, ಶಾಲೆ ನಡೆಸಿದ ಹೆಂಗಸರ ಹೆಸರುಗಳನ್ನು ಹುಡುಕಿ ತೆಗೆಯುವ ಸಂಶೋಧಕರನ್ನು ನಮ್ಮ ವಿಶ್ವವಿದ್ಯಾಲಯಗಳು ಬೆಳೆಸಬೇಕು. ಅವರಿಗೆ ಜರ್ಮನ್ ಕಲಿಯುವ ಅನುಕೂಲ ಮಾಡಿಕೊಡಬೇಕು. ಕಿಟ್ಟೆಲ್, ಮೋಗ್ಲಿಂಗರಿಗೆ ನಾವು ಗೌರವ ಸಲ್ಲಿಸಿದ್ದಾಯಿತು. ಅವರಿಗೆ ಕನ್ನಡ ಕಲಿಸಿದವರಿಗೆ ಅದನ್ನು ಸಲ್ಲಿಸುವುದು ಇನ್ನೂ ಬಾಕಿ ಇದೆ.